ನಿಂತದ್ದು ನೀರಲ್ಲ

ಎಲ್ವಿಯಾ ಬಾರಾಓನಾಳನ್ನು ವಿಶ್ವವಿದ್ಯಾಲಯದಲ್ಲಿ ಹೆಸರು ಹಿಡಿದು ಕರೆಯುವವರು ಕಡಿಮೆ. ಎಲ್ಲರ ಬಾಯಲ್ಲೂ ಅವಳು ಬಾಗಿಲಮ್ಮ. ಎರಡನೇ ಮಹಡಿಯ ತಣ್ಣನೆಯ ಕೋಣೆಯಲ್ಲಿ ಕಂಪ್ಯೂಟರುಗಳ ದೊಡ್ಡದೊಂದು ಗುಂಪಿತ್ತು. ಸದಾ ಗುಂಯ್‌ಗುಡುತ್ತಿದ್ದ ಅದಕ್ಕೆ ಅಲ್ಲಿಯವರು ಜೇನುಗೂಡು ಎನ್ನುತ್ತಿದ್ದರು. ಯಾರ ಲೆಕ್ಕ ಅದರೊಳಗೆ ಯಾವಾಗ ಹೋಗಬೇಕು, ಯಾರದು ಹೊರಗೆ ಸರದಿಯಲ್ಲಿ ಕಾಯಬೇಕು ಎಂಬುದನ್ನು ನೋಡಿಕೊಳ್ಳುವುದೇ ಎಲ್ವಿಯಾಳ ಕೆಲಸ.

ಜೇನುಗೂಡಿಗೆ ಕೆಲಸ ಒಪ್ಪಿಸಬೇಕಾದರೆ ಒಂದು ಸಾಲು ಟೈಪ್ ಮಾಡಬೇಕು. ಅಪ್ಪಣೆಯ ಪದದ ಮುಂದೆ ಎರಡೆರಡು ಗೀಟು ಹಾಕಿ ಬೇಕುಬೇಡಗಳನ್ನು ಹೇಳಬೇಕು. ಎಷ್ಟು ಯಂತ್ರ ಬೇಕು, ಎಷ್ಟು ಮೆಮೊರಿ ಬೇಕು, ಎಷ್ಟು ಹೊತ್ತು ಬೇಕು, ಬೇರೆ ಯಾವ ಕೆಲಸ ಮುಗಿದ ಮೇಲೆ ಇದು ಶುರುವಾಗಬೇಕು. ಕೇಳಿದಷ್ಟನ್ನು ಅದು ಕೊಡುತ್ತದೆ, ಅದಕ್ಕಿಂತ ಒಂದು ಚೂರೂ ಹೆಚ್ಚಿಗೆ ಕೊಡುವುದಿಲ್ಲ. ಬಹಳ ಹೊತ್ತು ಬೇಕೆಂದರೆ ಸರದಿಯ ಹಿಂದೆ ನಿಲ್ಲಬೇಕು. ಸ್ವಲ್ಪವೇ ಸಾಕೆಂದರೆ ಎರಡು ದೊಡ್ಡ ಕೆಲಸಗಳ ನಡುವಿನ ಸಂದಿಯಲ್ಲಿ ತೂರಿಕೊಂಡು ಬೇಗ ಒಳಗೆ ಹೋಗಬಹುದು. ಆದರೆ ಹೇಳಿದ ಹೊತ್ತು ಮುಗಿಯಿತೋ, ಲೆಕ್ಕ ಎಲ್ಲಿಗೆ ಬಂದಿದ್ದರೂ ಅಲ್ಲಿಗೇ ಕತ್ತರಿಸಿಬಿಡುತ್ತದೆ.

ಪ್ರತಿ ವರ್ಷ ಹೊಸದಾಗಿ ಬಂದ ಹುಡುಗ ಹುಡುಗಿಯರಿಗೆ ಎಲ್ವಿಯಾ ಇದನ್ನು ಗೇಲಿ ಮಾಡುತ್ತಲೇ ಕಲಿಸುತ್ತಿದ್ದಳು. ಒಬ್ಬ ರಸಾಯನಶಾಸ್ತ್ರದವನು ಒಂದು ಪುಟ್ಟ ಲೆಕ್ಕಕ್ಕೆ ಇಡೀ ಜೇನುಗೂಡನ್ನೇ ಕಾದಿರಿಸಿದಾಗ, "ಮದ್ವೆ ಹಾಲ್ ಬುಕ್ ಮಾಡಿ ಒಬ್ನೇ ಊಟಕ್ಕೆ ಕೂತಿದ್ದೀಯಲ್ಲ ಮಾರಾಯ, ಬಡಿಸೋರನ್ನಾದ್ರೂ ಕರ್ಕೊಂಡ್ ಬರ್ಬೇಕಿತ್ತು" ಎಂದು ಎಲ್ಲರೆದುರು ಹೇಳಿದ್ದಳು. ಅವನು ಆಮೇಲೆ ತಿಂಗಳುಗಟ್ಟಲೆ ಅವಳ ಕಣ್ಣಿಗೆ ಬೀಳಲಿಲ್ಲ.

ಅವಳು ಹುಟ್ಟಿದ್ದು ಸೂಲಾ ಕಣಿವೆಯ ಲಾ ಸೆಯ್ಬಿತಾದಲ್ಲಿ. ಚಾಮೆಲೆಕೋನ್ ನದಿಗೆ ಕಟ್ಟಿದ ಏರಿಯ ಹಿಂದೆ, ಹಳೆಯ ಬಾಳೆತೋಟದ ಜಾಗದಲ್ಲಿ ಎದ್ದ ಬಡಾವಣೆ ಅದು. ಅಪ್ಪ ಬಾಳೆ ಕಡಿಯುತ್ತಿದ್ದವನು, ಮೂತ್ರಪಿಂಡ ಕೆಟ್ಟು ಬೇಗ ತೀರಿಹೋದ. ತಾಯಿ ದೊನ್ಯಾ ಕಾಂದಿದಾ ಮನೆಯ ಮುಂದೆಯೇ ಒಲೆ ಹೂಡಿ, ಗೋಧಿ ರೊಟ್ಟಿಗೆ ಬೀನ್ಸ್ ಕಾಳಿನ ಗೊಜ್ಜು ಸವರಿ ಮಡಿಚಿ ಬಲೆಯಾದಾ ಮಾರುತ್ತ ಎಲ್ವಿಯಾಳನ್ನೂ ತಮ್ಮ ಒಸ್ಮಿನ್‌ನನ್ನೂ ಬೆಳೆಸಿದಳು. ಮಿಚ್ ಚಂಡಮಾರುತ ಬಂದಾಗ ಎಲ್ವಿಯಾ ಪ್ರೈಮರಿ ಶಾಲೆಯಲ್ಲಿದ್ದಳು. ಊರೆಲ್ಲ ಏರಿಯ ಮೇಲೆ ಪ್ಲಾಸ್ಟಿಕ್ ಹೊದಿಸಿಕೊಂಡು ತಿಂಗಳಾನುಗಟ್ಟಲೆ ಬದುಕಿತ್ತು. ಗುಣಾಕಾರ, ಭಾಗಾಕಾರ ಅವಳಿಗೆ ಹತ್ತಿದ್ದು ಆ ಏರಿಯ ಮೇಲೆಯೇ. ಮುಂದೆ ಓದಿ, ನಗರಕ್ಕೆ ಬಂದು, ಬಾಡಿಗೆ ಕೋಣೆ ಹಿಡಿದು ಒಬ್ಬಳೇ ಇದ್ದಳು. ಮದುವೆಯ ಮಾತು ಒಂದೆರಡು ಸಲ ಬಂದು ಹಾಗೇ ಹೋಗಿತ್ತು.

ನದಿಯ ಲೆಕ್ಕವನ್ನು ಅವಳು ನವೂನ್ ಮೆಹೀಯಾನ ಜೊತೆ ಕೂತು ಕಟ್ಟಿದಳು. ನವೂನ್ ಜಲವಿಜ್ಞಾನದ ಮೇಷ್ಟ್ರು, ಧಡೂತಿ ಆಳು, ಮೆತ್ತನೆ ಮನಸ್ಸಿನವನು. ಪ್ರತಿ ಸೇತುವೆಯ ಕೆಳಗೂ ಇಳಿದು ಅಳತೆ ತೆಗೆದವನು. ಬೆಟ್ಟದಲ್ಲಿ ಬಿದ್ದ ಮಳೆ ಕಣಿವೆಗೆ ಯಾವಾಗ ಬರುತ್ತದೆ, ಯಾವ ಬೀದಿಗೆ ಎಷ್ಟು ಏರುತ್ತದೆ ಎಂದು ಅವನ ಲೆಕ್ಕ ಹೇಳುತ್ತಿತ್ತು. ಅದನ್ನು ಜೇನುಗೂಡಿಗೆ ಒಪ್ಪಿಸುವ ಕಡತ ಎಲ್ವಿಯಾ ಬರೆದದ್ದು. ಮೇಲಿನ ಸಾಲುಗಳಲ್ಲೇ ಅವಧಿಯನ್ನು ಧಾರಾಳವಾಗಿ ಕೇಳಿದ್ದಳು. ಲೆಕ್ಕದ ಹಿಂದೆಯೇ ಇನ್ನೊಂದು ಕೆಲಸವನ್ನು ಗಂಟು ಹಾಕಿದ್ದಳು. ಬಂದ ಅಂಕಿಗಳನ್ನು ನಕಾಶೆಯಾಗಿ ಬರೆದು, ನೀರು ಬರುವ ಜಾಗಕ್ಕೆ ನೀಲಿ ಬಳಿದು, ತುರ್ತು ಸಮಿತಿಗೆ ತಾನಾಗಿಯೇ ಕಳಿಸುವ ಕೆಲಸ ಅದು.

ಆ ವರ್ಷ ನವೆಂಬರ್‌ನಲ್ಲಿ ಬಂದ ಚಂಡಮಾರುತ ಕರಾವಳಿ ದಾಟಿ ಬೆಟ್ಟಕ್ಕೆ ತಗಲಿಕೊಂಡು ನಿಂತುಬಿಟ್ಟಿತು. ಕಣಿವೆಯಲ್ಲಿ ಒಂದು ಹಗಲು ಜಡಿಮಳೆ ಹೊಡೆದು ಮಾರನೆಯ ಬೆಳಿಗ್ಗೆ ಹೊಳವಾಯಿತು. ಎಲ್ವಿಯಾ ಆ ಬೆಳಿಗ್ಗೆ ತಾಯಿಯನ್ನು ಕರೆತರಲೆಂದು ಒಸ್ಮಿನ್‌ನ ಪಿಕಪ್ ಹತ್ತಿ ಲಾ ಸೆಯ್ಬಿತಾಗೆ ಹೋದಳು. ಒಸ್ಮಿನ್ ಆ ಗಾಡಿಯಲ್ಲಿ ಬೀದಿ ಬೀದಿ ತಿರುಗಿ ಬೆಣ್ಣೆಹಣ್ಣು, ಬಾಳೆಕಾಯಿ ಮಾರುತ್ತಿದ್ದ. ಗಾಡಿಯ ತಲೆಯ ಮೇಲೆ ಧ್ವನಿವರ್ಧಕವೂ ಇತ್ತು.

ಅವರು ಹೋಗುವಷ್ಟರಲ್ಲಿ ಸಮಿತಿ ಕಳಿಸಿದ ನಕಾಶೆ ಊರಿನವರ ಮೊಬೈಲುಗಳಿಗೆ ಬಂದಾಗಿತ್ತು. ಸೈಕಲ್ ರಿಪೇರಿಯ ದೋನ್ ತಿಬುರ್ಸಿಯೊ, ಪಕ್ಕದ ಮನೆಯ ಮುದುಕ, ತನ್ನ ಫೋನನ್ನು ಎಲ್ಲರ ಮೂಗಿನ ಹತ್ತಿರ ಹಿಡಿದು ತೋರಿಸುತ್ತ ಬೀದಿಯಲ್ಲಿ ನಿಂತಿದ್ದ. ನೀಲಿ ಬಣ್ಣ ಫುಟ್‌ಬಾಲ್ ಮೈದಾನದ ಅಂಚಿಗೆ ಬಂದು ನಿಂತಿತ್ತು. ಅಲ್ಲಿಂದ ಮೇಲಕ್ಕೆ ಮನೆಗಳೆಲ್ಲ ಬೆಳ್ಳಗೆ ಒಣಗಿದ್ದವು.

"ನಮ್ ಎಲ್ವಿಯಾ ಮಿಷಿನ್ ಮಾಡಿದ್ದು ಇದು" ಎನ್ನುತ್ತಿದ್ದ ಅವನು. "ಗೋಲ್ ಕಂಬ ದಾಟಲ್ಲ ಅಂತಿದೆ. ನನ್ ಹಾಸಿಗೆ ಎತ್ತಿ ಅಟ್ಟಕ್ಕೆ ಹಾಕಿದ್ದೆ, ಈಗ ಇಳಿಸ್ಕೋಬೇಕು."

ಎಲ್ವಿಯಾಳಿಗೆ ಒಳಗೊಳಗೇ ಹಿಗ್ಗಾಯಿತು. ಇಷ್ಟು ವರ್ಷ ಅವಳು ಮಾಡುವ ಕೆಲಸ ಏನೆಂದು ಈ ಬೀದಿಯಲ್ಲಿ ಯಾರಿಗೂ ತಿಳಿದಿರಲಿಲ್ಲ. ತಾಯಿಯಂತೂ ಒಣಗಲು ಹಾಕಿದ ಬಟ್ಟೆ ಬಿಟ್ಟು ಕದಲಲಿಲ್ಲ.

"ನಿನ್ ಮಿಷಿನ್ ಇರು ಅಂತದೆ, ನೀನು ನಡಿ ಅಂತೀಯ. ನೀವಿಬ್ರೂ ಮೊದ್ಲು ಮಾತಾಡ್ಕೊಂಡು ಬನ್ನಿ" ಎಂದಳು ದೊನ್ಯಾ ಕಾಂದಿದಾ.

ತಿಬುರ್ಸಿಯೊ ಮಾತ್ರ ಫೋನು ಕೆಳಗಿಳಿಸಿ, ಎಲ್ವಿಯಾಳ ಹತ್ತಿರ ಬಂದು, ತಮಾಷೆ ಬಿಟ್ಟು ಕೇಳಿದ. "ನೀನೇ ಹೇಳ್ಬಿಡು ಮಗಾ. ನಂಬ್‌ಬೋದಾ ಇದ್ನ? ಹೆಂಡ್ತಿ ಎರ್ಲಿಂದಾನ್ನ ಅವ್ಳ್ ತಂಗಿ ಮನೆಗೆ ಕಳ್ಸಿದೀನಿ. ನಾನೂ ಹೋಗ್ಲೋ, ಇಲ್ಲೇ ಇರ್ಲೋ?"

"ನಂಬ್‌ಬೋದು ದೋನ್ ತಿಬುರ್ಸಿಯೊ. ನಾವೇ ಕೂತು ಮಾಡಿದ್ದು" ಎಂದಳು ಎಲ್ವಿಯಾ.

ತಾಯಿ ಕೊಟ್ಟ ಕಾಫಿ ಕುಡಿದು, ತಮ್ಮನ ಗಾಡಿಯಲ್ಲೇ ನಗರಕ್ಕೆ ಮರಳಿದಳು.

ಮಧ್ಯಾಹ್ನದ ಹೊತ್ತಿಗೆ ಅವಳು ತನ್ನ ಮೇಜಿನ ಮುಂದೆ ಕೂತಿದ್ದಳು. ಜೇನುಗೂಡು ಎಂದಿನಂತೆ ಗುಂಯ್‌ಗುಡುತ್ತಿತ್ತು. ಡೆಂಗೆ ಸಂಶೋಧನೆಯವರ ಕೆಲಸ ಮುಕ್ಕಾಲು ಯಂತ್ರಗಳನ್ನು ಹಿಡಿದಿತ್ತು. ಅಭ್ಯಾಸಬಲದಿಂದ ಅವಳು ಹಿಂದಿನ ದಿನ ಮುಗಿದ ಕೆಲಸಗಳ ಮೇಲೆ ಕಣ್ಣಾಡಿಸಿದಳು. ಒಂದೊಂದರ ಮುಂದೆಯೂ 'ಪೂರ್ಣ' ಎಂದಿತ್ತು. ನದಿಯ ಲೆಕ್ಕದ ಮುಂದೆ 'ಅವಧಿ ಮುಗಿದಿದೆ' ಎಂದಿತ್ತು.

ಅವಳು ಅದನ್ನು ಓದಿದಳು, ಆದರೆ ಅರ್ಥ ತಲೆಗೆ ಇಳಿಯಲಿಲ್ಲ. ಬೇರೆ ಯಾರದೋ ಸಾಲು ಓದುತ್ತಿದ್ದೇನೆ ಎಂದುಕೊಂಡು ಬೆರಳಿಟ್ಟು ಮತ್ತೆ ಓದಿದಳು. ಕಡತ ತೆರೆದಳು. ತಾನು ಬರೆದ ಅವಧಿ ಅಲ್ಲಿ ಹಾಗೇ ಇತ್ತು, ಧಾರಾಳವಾಗಿ. ಆದರೆ ಕೆಲಸ ಒಪ್ಪಿಸಿದ ಸಾಲಿನಲ್ಲಿ, ಎರಡು ಗೀಟಿನ ಮುಂದೆ, ಯಾರೋ ಬೇರೆ ಅವಧಿ ಟೈಪ್ ಮಾಡಿದ್ದರು, ಚಿಕ್ಕದು. ಕಡತದಲ್ಲಿ ಏನೇ ಇರಲಿ, ಅಪ್ಪಣೆಯ ಜೊತೆ ಟೈಪ್ ಮಾಡಿದ್ದೇ ಕೊನೆಯ ಮಾತು. ಅದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು.

ಲೆಕ್ಕ ಕೊನೆ ಮುಟ್ಟಿರಲಿಲ್ಲ. ಬೆಟ್ಟದ ನೀರು ಇನ್ನೂ ದಾರಿಯಲ್ಲಿರುವಾಗಲೇ ಜೇನುಗೂಡು ಅದನ್ನು ಕತ್ತರಿಸಿ ಹಾಕಿತ್ತು. ನಕಾಶೆಯಲ್ಲಿ ನೀಲಿ ಬಣ್ಣ ಮೈದಾನದ ಅಂಚಿಗೆ ನಿಂತದ್ದು ನೀರು ಅಲ್ಲಿ ನಿಲ್ಲುತ್ತದೆಂದಲ್ಲ, ಹೊತ್ತು ಅಲ್ಲಿಗೆ ಮುಗಿಯಿತೆಂದು.

ಕಿಟಕಿಯಾಚೆ ಬಿಸಿಲು ಹೊಳೆಯುತ್ತಿತ್ತು. ಯಾರೋ ಕಾರಿಡಾರಿನಲ್ಲಿ ಜೋರಾಗಿ ನಗುತ್ತ ಹೋದರು. ಆ ನಗು ಎಷ್ಟೋ ದೂರದಿಂದ ಬಂದಂತೆ ಕೇಳಿಸಿತು.

ನವೂನ್ ಪಕ್ಕದ ಕೋಣೆಯಲ್ಲಿ ಬೆಂಚಿನ ಮೇಲೆ ಬೂಟು ಸಮೇತ ಮಲಗಿದ್ದ. ಎರಡು ದಿನದಿಂದ ನಿದ್ದೆ ಮಾಡಿರಲಿಲ್ಲ. ಎಲ್ವಿಯಾ ಭುಜ ಹಿಡಿದು ಅಲುಗಾಡಿಸಿದಳು.

"ಅವಧಿ ಕಮ್ಮಿ ಮಾಡಿದ್ದು ಯಾರು?"

ಅವನು ಕಣ್ಣುಜ್ಜಿಕೊಂಡು ಎದ್ದು ಕೂತ. "ನಾನೇ. ಸರದೀಲಿ ನಿಂತಿದ್ರೆ ನಾಳೆ ಶುರುವಾಗೋದು. ಸಣ್ಣ ಸಂದಿ ಇತ್ತು, ಅದ್ರಲ್ಲಿ ತೂರಿಸ್ದೆ. ನಿಂಗೆ ಫೋನ್ ಮಾಡ್ದೆ, ಸಿಗ್ಲಿಲ್ಲ. ಯಾಕೆ, ನಕಾಶೆ ಬಂತಲ್ಲ?"

"ಬಂತು. ಅರ್ಧದ್ದು."

ಅವನ ಮುಖದ ರಕ್ತ ಇಳಿದುಹೋಯಿತು. ಆಮೇಲೆ, ಹಾಗಾಗಲು ಸಾಧ್ಯವಿಲ್ಲ, ಲೆಕ್ಕ ಕೆಟ್ಟರೆ ನಕಾಶೆ ಬರಬಾರದಲ್ಲ, ಬಂತೆಂದರೆ ಎಲ್ಲ ಸರಿಯಿದೆ ಎಂದೇ ತಾನು ತಿಳಿದದ್ದು ಎಂದ.

ಎಲ್ವಿಯಾ ಅವನ ಮೇಲೆ ಕೂಗಾಡಬೇಕೆಂದೇ ಬಂದಿದ್ದಳು. ಬಾಯಿಗೆ ಬಂದ ಮಾತು ಅಲ್ಲಿಯೇ ನಿಂತಿತು. ನಕಾಶೆಯ ಕೆಲಸವನ್ನು ಲೆಕ್ಕದ ಹಿಂದೆ ಗಂಟು ಹಾಕುವಾಗ ಎರಡು ದಾರಿಗಳಿದ್ದವು. ಮೊದಲನೆಯದು ಸರಿಯಾಗಿ ಮುಗಿದರೆ ಮಾತ್ರ ಎರಡನೆಯದು ಶುರುವಾಗಲಿ ಎನ್ನಬಹುದು. ಇಲ್ಲವೇ, ಹೇಗೆ ಮುಗಿದರೂ ಶುರುವಾಗಲಿ ಎನ್ನಬಹುದು. ಬೇಸಗೆಯಲ್ಲಿ ಲೆಕ್ಕದ ಪ್ರಾಯೋಗಿಕ ಓಟಗಳು ಸಣ್ಣಪುಟ್ಟ ಕಾರಣಕ್ಕೆ ಕೆಟ್ಟು, ನಕಾಶೆ ಬರದೆ, ಪ್ರತಿ ಸಲ ಕೈಯಾರೆ ಓಡಿಸಬೇಕಾಗಿ ಬೇಸತ್ತು, 'ಹೇಗೆ ಮುಗಿದರೂ' ಎಂದು ಬದಲಿಸಿದವಳು ಅವಳೇ. ಮತ್ತೆ ತಿದ್ದಿರಲಿಲ್ಲ.

"ಅದು ನಂದು" ಎಂದಳು. ಅವನಿಗೆ ತಿಳಿಯಲಿಲ್ಲ. ಅವಳು ಬಿಡಿಸಿ ಹೇಳುತ್ತ ನಿಲ್ಲಲೂ ಇಲ್ಲ.

ವಾಪಸು ಮೇಜಿಗೆ ಓಡಿ ಡೆಂಗೆಯವರ ಕೆಲಸವನ್ನು ರದ್ದು ಮಾಡಿದಳು. ಯಾರನ್ನೂ ಕೇಳಲಿಲ್ಲ. ವಾರಗಟ್ಟಲೆ ಓಡುತ್ತಿದ್ದ ಲೆಕ್ಕ ಒಂದು ಗುಂಡಿ ಒತ್ತಿದ್ದಕ್ಕೆ ಹೋಯಿತು. ನದಿಯ ಲೆಕ್ಕವನ್ನು ನಿಂತ ಜಾಗದಿಂದಲೇ ಎತ್ತಿಕೊಂಡು ಮುಂದೆ ಓಡಿಸಲು, ಇಡೀ ಜೇನುಗೂಡು ಬೇಕೆಂದು, ಎಷ್ಟು ಹೊತ್ತಾದರೂ ಸರಿಯೆಂದು ಟೈಪ್ ಮಾಡಿದಳು. ಎರಡು ಸಲ ತಪ್ಪಾಯಿತು. ನವೂನ್ ಹಿಂದೆ ನಿಂತು ಅಕ್ಷರ ಅಕ್ಷರ ಓದಿ ಹೇಳಿದ.

ತುರ್ತು ಸಮಿತಿಯ ಇಂಜಿನಿಯರಿಗೆ ಫೋನು ಮಾಡಿದಾಗ ಅವನು ಮೊದಲು ನಂಬಲಿಲ್ಲ, ಆಮೇಲೆ ಸಿಟ್ಟಾದ. ಬೆಳಿಗ್ಗೆಯೇ ಜನಕ್ಕೆ ಮನೆಗೆ ಹೋಗಿ ಎಂದಾಗಿದೆ, ಈಗ ಬಾಯಿಮಾತಿಗೆ ಓಡಿ ಎಂದರೆ ನಾಳೆ ಯಾರು ಕೇಳುತ್ತಾರೆ, ಸರಿಯಾದ ನಕಾಶೆ ಕೊಡಿ, ಆಗ ಹೇಳುತ್ತೇನೆ ಎಂದ. ನಕಾಶೆ ಬರುವ ಹೊತ್ತಿಗೆ ನೀರೂ ಬರಬಹುದು ಎಂದು ಎಲ್ವಿಯಾ ಹೇಳುತ್ತಿರುವಾಗಲೇ ಅವನು ಫೋನು ಇಟ್ಟ.

ತಾಯಿಯ ಫೋನು ಹತ್ತಲಿಲ್ಲ. ಒಸ್ಮಿನ್ ಸಿಕ್ಕ.

"ಈಗ್ಲೇ ಲಾ ಸೆಯ್ಬಿತಾಗೆ ಹೋಗು. ಮೈಕ್ ಹಾಕ್ಕೊಂಡು ಹೋಗು. ನಕಾಶೆ ತಪ್ಪು ಅನ್ನು. ನಾನೇ ಹೇಳ್ದೆ ಅನ್ನು."

"ಬೆಳಿಗ್ಗೆ ಸರಿ ಅಂದೋಳು ನೀನೇ ಅಲ್ವಾ?"

"ಹೌದು ಕಣೋ. ನಾನೇ. ಹೋಗು."

ಅವನು ಹೋದ. ಆಮೇಲೆ ಅಲ್ಲಿ ನಡೆದದ್ದನ್ನು ಅವನೇ ಎಷ್ಟೋ ಸಲ ಹೇಳಿದ್ದಾನೆ. ಗಾಡಿಯ ಧ್ವನಿವರ್ಧಕದಲ್ಲಿ ಹಣ್ಣು ಮಾರುವ ಕೂಗು ರೆಕಾರ್ಡಾಗಿತ್ತು. ಮೈಕಿನ ಗುಂಡಿ ಹಾಳಾಗಿತ್ತು, ಆ ಕೂಗು ನಿಲ್ಲುತ್ತಲೇ ಇರಲಿಲ್ಲ. ಬೆಣ್ಣೆಹಣ್ಣು, ಮಾಗಿದ ಬೆಣ್ಣೆಹಣ್ಣು ಎಂದು ಒಂದು ಕಡೆ ಕೂಗು, ಅದರ ಮೇಲೆ ಕಿಟಕಿಯಿಂದ ತಲೆ ಹೊರಗೆ ಹಾಕಿ, ನೀರು ಬರುತ್ತಿದೆ ಹೊರಡಿ ಎಂದು ಒಸ್ಮಿನ್‌ನ ಕೂಗು. ಜನ ಬಾಗಿಲಿಗೆ ಬಂದು ನಕ್ಕರು. ಆಕಾಶ ಅಷ್ಟು ತಿಳಿಯಾಗಿತ್ತು. "ನೀರಿನ್ ಜೊತೆ ಬಾಳೆಕಾಯೂ ಫ್ರೀನಾ?" ಎಂದು ಒಬ್ಬ ಕೇಳಿದ. ಆದರೂ ಮಿಚ್ ನೋಡಿದ ಹೆಂಗಸರು ನಗಲಿಲ್ಲ. ಅವರು ಮಕ್ಕಳನ್ನೂ ಕೋಳಿಗಳನ್ನೂ ಎತ್ತಿಕೊಂಡು ಏರಿಯ ಕಡೆ ನಡೆದರು. ಅವರನ್ನು ನೋಡಿ ಉಳಿದವರೂ ಹೊರಟರು. ದೊನ್ಯಾ ಕಾಂದಿದಾಳನ್ನು ಮಗ ರಟ್ಟೆ ಹಿಡಿದು ಗಾಡಿಗೆ ಹತ್ತಿಸಿದ. ಒಣಗಿದ ಬಟ್ಟೆ ತಂತಿಯ ಮೇಲೇ ಉಳಿಯಿತೆಂದು ಅವಳು ದಾರಿಯುದ್ದಕ್ಕೂ ಬೈದಳು.

ತಿಬುರ್ಸಿಯೊ ಅಂಗಡಿಯಲ್ಲಿ ಟೈರು ಬಿಚ್ಚುತ್ತ ಕೂತಿದ್ದ. ಒಸ್ಮಿನ್ ಗಾಡಿ ನಿಲ್ಲಿಸಿ ಕರೆದ.

"ನಿಮ್ ಅಕ್ಕ ನನ್ ಕಣ್ ನೋಡ್ಕೊಂಡು ಹೇಳಿದ್ದಾಳೆ" ಎಂದನಂತೆ ಅವನು. "ಗಾಡೀಲಿ ಕೂಗಿದ್ ಮಾತಿಗಿಂತ ಅದು ದೊಡ್ದು. ನೀನು ಅಮ್ಮನ್ ಕರ್ಕೊಂಡ್ ಹೋಗು, ಇದೊಂದು ಚಕ್ರ ಕೂರ್ಸಿ ಬರ್ತೀನಿ."

ಇತ್ತ ಜೇನುಗೂಡಿನಲ್ಲಿ ಲೆಕ್ಕ ಮುಗಿಯಿತು. ಹೊಸ ನಕಾಶೆ ಪರದೆಯ ಮೇಲೆ ತೆರೆದುಕೊಂಡಾಗ ನವೂನ್ ಕುರ್ಚಿಯ ಬೆನ್ನು ಹಿಡಿದುಕೊಂಡ. ಮೈದಾನವಿಲ್ಲ, ಬೀದಿಗಳಿಲ್ಲ. ಲಾ ಸೆಯ್ಬಿತಾ ಇದ್ದ ಕಡೆಯೆಲ್ಲ ಒಂದೇ ಕಡುನೀಲಿ. ಎಲ್ವಿಯಾ ತಾಯಿಯ ಮನೆಯ ಮೇಲೆ ಬೆರಳಿಟ್ಟು ಆಳದ ಅಂಕಿ ನೋಡಿದಳು. ಸೂರಿಗಿಂತ ಮೇಲಿತ್ತು. ತಾನು ಮತ್ತೇನೋ ತಪ್ಪು ಕೇಳಿರಬೇಕು, ಮೆಮೊರಿ ಕಡಿಮೆಯಾಗಿ ಅಂಕಿ ಕೆಟ್ಟಿರಬೇಕು ಎಂದು ಅವಳ ಮನಸ್ಸು ಒಂದೇ ಸಮನೆ ನೆಪ ಹುಡುಕಿತು. ಕೆಲಸದ ಸ್ಥಿತಿಯ ಕಡೆ ನೋಡಿದಳು. 'ಪೂರ್ಣ' ಎಂದಿತ್ತು.

ಸಮಿತಿಯವನು ಆಗ ಒಂದು ಮಾತೂ ಎದುರಾಡದೆ ಸೈರನ್ ಹಾಕಿಸಿದ. ಸಂಜೆ ಬೆಳಕಿರುವಾಗಲೇ ನೀರು ಬಂತು. ಏರಿ ಒಡೆದದ್ದು ಬಡಾವಣೆಯ ಮೇಲ್ತುದಿಯಲ್ಲಿ. ನೀರು ಹರಿದು ಬರಲಿಲ್ಲ, ಗೋಡೆ ನಡೆದು ಬಂದಂತೆ ಬಂತು ಎಂದು ನೋಡಿದವರು ಹೇಳಿದರು.

ಮಾರನೆಯ ಬೆಳಿಗ್ಗೆ ಎಲ್ವಿಯಾ ಏರಿಯ ಮೇಲೆ ನಿಂತು ತನ್ನ ಊರನ್ನು ನೋಡಿದಳು. ಶಾಲೆಯ ತಗಡಿನ ಅಂಚು, ಒಂದು ತೆಂಗಿನ ತಲೆ, ಉಳಿದದ್ದು ಕಂದು ನೀರು. ನಕಾಶೆಯಲ್ಲಿ ಕಂಡ ಗೆರೆ ಎಲ್ಲಿತ್ತೋ ನೀರಿನ ಅಂಚು ಅಲ್ಲಿಯೇ ಇತ್ತು. ಅಷ್ಟು ಕರಾರುವಾಕ್ಕಾಗಿ ಇದ್ದದ್ದೇ ಅವಳಿಗೆ ಸಹಿಸಲಾಗಲಿಲ್ಲ. ಜನ ಅವಳ ಕೈ ಹಿಡಿದುಕೊಂಡರು. ನಿನ್ನಿಂದ ಉಳಿದೆವು ಎಂದು ಒಬ್ಬಳು ಅಪ್ಪಿಕೊಂಡು ಅತ್ತಳು. ಎಲ್ವಿಯಾ ಕಂಬದ ಹಾಗೆ ನಿಂತಿದ್ದಳು. ತಿಬುರ್ಸಿಯೊ ಎಲ್ಲೆಂದು ಕೇಳಿದಳು. ಒಸ್ಮಿನ್ ನೆಲ ನೋಡಿದ. ಆಗ ಅವಳಿಗೆ ತಿಳಿಯಿತು.

ದೋಣಿಯವರು ಅವನನ್ನು ಮಧ್ಯಾಹ್ನ ತಂದರು. ಅಂಗಡಿಯ ಅಟ್ಟದಲ್ಲಿ ಸಿಕ್ಕಿದ್ದ.

ಅವಳಿಗೆ ಅಳು ಬರಲಿಲ್ಲ. ದಿನಗಟ್ಟಲೆ ಬರಲಿಲ್ಲ. ಊಟಕ್ಕೆ ಕೂತರೆ ತುತ್ತು ಬಾಯಲ್ಲೇ ಉಳಿಯುತ್ತಿತ್ತು. ಯಾರಾದರೂ ಕರೆದರೆ ಎರಡನೇ ಸಲಕ್ಕೆ ತಿರುಗುತ್ತಿದ್ದಳು. 'ನಂಬ್‌ಬೋದು' ಎಂದ ತನ್ನ ದನಿ, ಎಷ್ಟು ಸಲೀಸಾಗಿ ಹೊರಟ ದನಿ, ಕಿವಿಯಲ್ಲಿ ಹಾಗೇ ಇತ್ತು. ನವೂನ್ ಬಂದು, ಅವಧಿ ಬದಲಿಸಿದವನು ತಾನು ಎಂದು ಮತ್ತೆ ಮತ್ತೆ ಹೇಳಿದ. ಹೌದು ಎಂದಳು. ಅವನ ಪಾಲು ಅವಳ ಪಾಲನ್ನು ಕಡಿಮೆ ಮಾಡಲಿಲ್ಲ. ವಿಶ್ವವಿದ್ಯಾಲಯದವರು ವಿಚಾರಣೆ ನಡೆಸಿ, ಯಾರ ಹೆಸರನ್ನೂ ಹೇಳದೆ, ತಾಂತ್ರಿಕ ತೊಂದರೆ ಎಂದು ಮುಗಿಸಿದರು. ಡೆಂಗೆಯ ಡಾಕ್ಟರಮ್ಮ ತನ್ನ ಲೆಕ್ಕ ಹೋದದ್ದಕ್ಕೆ ಒಂದು ಮಾತೂ ಆಡಲಿಲ್ಲ. ಬೈದಿದ್ದರೆ ಎಲ್ವಿಯಾಳಿಗೆ ಅಷ್ಟಾದರೂ ಹಗುರವಾಗುತ್ತಿತ್ತು.

ತಿಬುರ್ಸಿಯೊನ ಹೆಂಡತಿ ದೊನ್ಯಾ ಎರ್ಲಿಂದಾ ತಂಗಿಯ ಮನೆ ಬಿಟ್ಟು ಊರವರಿದ್ದ ಶಾಲೆಯೊಂದರ ಆಶ್ರಯ ಶಿಬಿರಕ್ಕೆ ಬಂದಿದ್ದಳು. ಎಲ್ವಿಯಾ ಅಲ್ಲಿಗೆ ಹೋಗಿ, ಪಕ್ಕದಲ್ಲಿ ನೆಲದ ಮೇಲೆ ಕೂತು, ನಡೆದದ್ದನ್ನು ಒಂದೂ ಮುಚ್ಚದೆ ಹೇಳಿದಳು. ಲೆಕ್ಕಕ್ಕೆ ಹೊತ್ತು ಕೇಳಬೇಕಾಗುತ್ತದೆ, ಕಡಿಮೆ ಕೇಳಿದ್ದರು, ಅರ್ಧಕ್ಕೇ ನಿಂತಿತು, ಅರ್ಧವನ್ನೇ ಪೂರ್ತಿ ಎಂದು ಕಳಿಸುವ ಹಾಗೆ ಮಾಡಿಟ್ಟವಳು ತಾನು, ನಂಬಬಹುದು ಎಂದವಳೂ ತಾನು.

ಎರ್ಲಿಂದಾ ಕೊನೆಯವರೆಗೂ ಕೇಳಿದಳು. ಮಡಿಲಲ್ಲಿ ಯಾರದೋ ಮಗು ಮಲಗಿತ್ತು, ಅದರ ಬೆನ್ನು ತಟ್ಟುತ್ತಿದ್ದಳು.

"ಇನ್ನೆಷ್ಟ್ ಹೊತ್ತು ಬೇಕಿತ್ತಂತೆ ಅದಕ್ಕೆ?" ಎಂದಳು.

ಎಲ್ವಿಯಾ ಹೇಳಿದಳು.

"ಅಷ್ಟೇನಾ?" ಎರ್ಲಿಂದಾ ಅವಳ ಮುಖ ನೋಡಿದಳು. "ಬಸ್ಸಿಗೆ ಅದಕ್ಕಿಂತ ಜಾಸ್ತಿ ಕಾಯ್ತಿದ್ವಲ್ಲೇ ನಾವು."

ಅದರಲ್ಲಿ ಸಿಟ್ಟಿರಲಿಲ್ಲ, ಕ್ಷಮೆಯೂ ಇರಲಿಲ್ಲ. ಬರಿಯ ಬೆರಗು. ಎಲ್ವಿಯಾಳಿಗೆ ಅಳು ಬಂದದ್ದು ಆಗ. ಎರ್ಲಿಂದಾ ಸುಮ್ಮನೆ ಮಗುವನ್ನು ತಟ್ಟುತ್ತಲೇ ಇದ್ದಳು.

ಎಲ್ವಿಯಾ ಕೆಲಸ ಬಿಡುತ್ತಾಳೆಂದು ಎಲ್ಲರೂ ಅಂದುಕೊಂಡರು. ಬಿಡಲಿಲ್ಲ. ಗಂಟಿನ ಸಾಲನ್ನು 'ಸರಿಯಾಗಿ ಮುಗಿದರೆ ಮಾತ್ರ' ಎಂದು ತಿದ್ದಿದಳು. ಕಡತದ ಅವಧಿಯನ್ನು ಬದಿಗಿಟ್ಟು ಯಾರೂ ಬೇರೆ ಅವಧಿ ಟೈಪ್ ಮಾಡದಂತೆ ಕಟ್ಟಿಹಾಕಿದಳು. ನದಿಯ ಲೆಕ್ಕಕ್ಕೆ ಸರದಿಯೇ ಇರಕೂಡದೆಂದು ಹಟ ಹಿಡಿದು ಬೇರೆಯೇ ಯಂತ್ರಗಳನ್ನು ತೆಗೆದಿಡಿಸಿದಳು. ನಕಾಶೆಯ ನೆತ್ತಿಯ ಮೇಲೆ, ಇದು ಇಂಥ ಹೊತ್ತಿನವರೆಗಿನ ಲೆಕ್ಕ, ಅದರಾಚೆ ಗೊತ್ತಿಲ್ಲ ಎಂದು ದಪ್ಪ ಅಕ್ಷರದಲ್ಲಿ ಬರುವಂತೆ ಮಾಡಿದಳು. ಅಂದ ಕೆಡುತ್ತದೆ ಎಂದು ಸಮಿತಿಯ ಇಂಜಿನಿಯರ್ ಹೇಳಿದರೂ ತೆಗೆಯಲಿಲ್ಲ. ಹೊಸಬರಿಗೆ ಈಗಲೂ ಕಲಿಸುತ್ತಾಳೆ, ಆದರೆ ಗೇಲಿ ಮಾಡುವುದಿಲ್ಲ. ಕಡಿಮೆ ಹೊತ್ತು ಕೇಳಿದವರನ್ನು ಕರೆದು, ಇದು ಅರ್ಧಕ್ಕೆ ನಿಂತರೆ ನಿನಗೆ ಹೇಗೆ ತಿಳಿಯುತ್ತದೆ ಎಂದು ಕೇಳುತ್ತಾಳೆ, ಉತ್ತರ ಬರುವವರೆಗೂ ಬಿಡುವುದಿಲ್ಲ.

ದೊನ್ಯಾ ಕಾಂದಿದಾ ನೀರಿಳಿದ ಮೇಲೆ ಯಾರ ಮಾತೂ ಕೇಳದೆ ಲಾ ಸೆಯ್ಬಿತಾಗೇ ಮರಳಿ, ಕೆಸರು ಬಳಿದು, ಒಲೆ ಹೂಡಿದಳು. ಮುಂದಿನ ವರ್ಷ ಮತ್ತೊಂದು ಚಂಡಮಾರುತದ ಸುದ್ದಿ ಬಂತು. ಲೆಕ್ಕ ಓಡಿತು, ಪೂರ್ಣವಾಗಿ ಮುಗಿಯಿತು. ನಕಾಶೆಯಲ್ಲಿ ಬಡಾವಣೆ ಒಣಗಿತ್ತು. ಎಲ್ವಿಯಾ ಅದನ್ನು ಮತ್ತೊಮ್ಮೆ ಓಡಿಸಿದಳು, ಮತ್ತೆ ಒಣಗಿಯೇ ಬಂತು. ಆದರೂ ಒಸ್ಮಿನ್‌ನನ್ನು ಕಳಿಸಿ ತಾಯಿಯನ್ನೂ ಎರ್ಲಿಂದಾಳನ್ನೂ ತನ್ನ ಕೋಣೆಗೆ ಕರೆಸಿಕೊಂಡಳು.

ಮಳೆ ಬೇರೆ ಕಡೆ ತಿರುಗಿತು. ಒಂದು ಹನಿಯೂ ಬೀಳಲಿಲ್ಲ. ಮೂವರು ಹೆಂಗಸರು ಒಂದೇ ಮಂಚದ ಕೋಣೆಯಲ್ಲಿ ಬಿಸಿಲು ನೋಡುತ್ತ ಕೂತರು.

"ನಿನ್ ಮಿಷಿನ್ ಏನಂತೆ?" ಎಂದು ತಾಯಿ ಕೇಳಿದಳು.

"ಬರಲ್ಲ ಅಂತೆ."

"ಮತ್ತೆ ನಮ್ಮನ್ಯಾಕೆ ಎಳ್ಕೊಂಡ್ ಬಂದೆ? ಹಿಟ್ಟು ಕಲ್ಸಿಟ್ಟು ಬಂದಿದ್ನಲ್ಲೇ, ಹುಳಿ ಬಂದಿರತ್ತೆ."

ಎರ್ಲಿಂದಾ ಎದ್ದು ಕಾಫಿಗೆ ನೀರಿಟ್ಟಳು.